ಅಜ್ಜನ ಸಂಚಿಯೊಳಗಿನ ಪಿಂಚಣಿ ಪುಸ್ತಕ

ಪಿಂಚಣಿ ಕಚೇರಿಯ ದೊಡ್ಡ ಕುರ್ಚಿಯಲ್ಲಿ ಕೂತಿರುವ ಮಾನ್ಯರೇ,

ನನ್ನ ಅಜ್ಜನನ್ನು ಮಣ್ಣು ಮಾಡಿದ ಗುಂಡಿಯನ್ನು ಮತ್ತೆ ತೋಡಿಸಿ, ಅವನ ಜೊತೆಗಿರುವ ಪಿಂಚಣಿ ಪುಸ್ತಕವನ್ನು ಹೊರಗೆ ತೆಗೆದು ತಂದುಕೊಟ್ಟರೆ ಮಾತ್ರ ನನ್ನ ಅಜ್ಜಿಗೆ ಕುಟುಂಬ ಪಿಂಚಣಿ ಎಂದು ತಾವು ಹೇಳಿದ್ದೀರಿ. ಇದನ್ನು ನಾನು ಉಪ್ಪುಖಾರ ಹಚ್ಚಿ ಬರೆಯುತ್ತಿಲ್ಲ. ತಾವು ಆಡಿದ ಮಾತು ಇದು: “ಎಲ್ಲಿದೆ ಅಂತ ಗೊತ್ತಿದೆಯಲ್ಲಮ್ಮ, ತೆಗೆಸಿಕೊಂಡು ಬನ್ನಿ.” ಅಷ್ಟು ಹೇಳಿ ಮೇಜಿನ ಮೇಲಿನ ಗಂಟೆ ಒತ್ತಿದಿರಿ. ಜವಾನ ಬಂದು ಬಾಗಿಲು ತೆರೆದು ಹಿಡಿದ. ಅಜ್ಜಿ ತಮಗೆ ಕೈ ಮುಗಿದು ಹೊರಗೆ ಬಂದಳು. ಆ ನಮಸ್ಕಾರವನ್ನು ತಾವು ನೋಡಲಿಲ್ಲ, ಫೋನು ನೋಡುತ್ತಿದ್ದಿರಿ. ಅದು ದಂಡವಾಯಿತೆಂದು ನನಗೆ ಈಗಲೂ ಬೇಸರವಿದೆ. ನನ್ನ ಅಜ್ಜಿ ಸಿಕ್ಕಸಿಕ್ಕವರಿಗೆ ಕೈ ಮುಗಿಯುವವಳಲ್ಲ.

ಅಂದು ಅಜ್ಜಿಯ ಹಿಂದೆ ಗೋಡೆಗೆ ಅಂಟಿಕೊಂಡು ನಿಂತಿದ್ದ ಹುಡುಗಿ ನಾನು. ತಮಗೆ ನೆನಪಿರಲಾರದು. ಜನರ ಮುಂದೆ ನನಗೆ ಬಾಯಿ ಏಳುವುದಿಲ್ಲ. ಕಂಡಕ್ಟರ್ ಕೊಡಬೇಕಾದ ಚಿಲ್ಲರೆಯನ್ನು ಕೇಳದೆ ಇಳಿದುಬರುವ ಜಾತಿ. ಓದಿದ್ದು ಏಳನೇ ತರಗತಿ. ಮನೆಯಲ್ಲಿ ರವಿಕೆ ಹೊಲಿಯುತ್ತೇನೆ, ಹೊಲಿಗೆ ಇಲ್ಲದಾಗ ಬರೆಯುತ್ತೇನೆ. ತಮ್ಮ ಎದುರಿಗೆ ಆಡಬೇಕಾಗಿದ್ದ ಮಾತುಗಳೆಲ್ಲ ಬಸ್ಸಿನಲ್ಲಿ ಊರಿಗೆ ಮರಳುವಾಗ ಒಂದೊಂದಾಗಿ ಬಂದವು. ಅವನ್ನು ಇಲ್ಲಿ ಇಡುತ್ತಿದ್ದೇನೆ. ಕಾಗದದ ಮೇಲೆ ನನಗೆ ಅಷ್ಟು ನಾಚಿಕೆ ಇಲ್ಲ. ತಮಗೆ ಕುರ್ಚಿಯ ಮೇಲೆ ಇಲ್ಲದ ಹಾಗೆ.

ಕಚೇರಿ ಯಾವ ಊರಿನದೆಂದು ಬರೆಯುವುದಿಲ್ಲ. ಚನ್ನಗಿರಿಯವರು ಓದಿದರೆ ಇದು ಹೊನ್ನಾಳಿಯದಿರಬೇಕು ಎಂದುಕೊಳ್ಳಲಿ, ಹೊನ್ನಾಳಿಯವರು ನ್ಯಾಮತಿಯದು ಎನ್ನಲಿ, ನ್ಯಾಮತಿಯವರು ಜಗಳೂರಿನ ಕಡೆ ಕೈ ತೋರಿಸಲಿ. ತಮ್ಮಲ್ಲಿ ಕಡತಗಳು ತಿರುಗುವುದೂ ಹೀಗೆಯೇ ಅಲ್ಲವೇ, ತಮಗೆ ಹೊಸದೆನಿಸುವುದಿಲ್ಲ.

ಅಜ್ಜನ ಹೆಸರು ಬೆನಕಪ್ಪ. ಬಸವಾಪಟ್ಟಣದ ಕಡೆಯ ನಾಲೆಯ ಮೇಲೆ ಸೌಡಿಯಾಗಿದ್ದ. ಸೌಡಿ ಎಂದರೆ ನಾಲೆಯ ಉದ್ದಕ್ಕೂ ಓಡಾಡಿ, ತೂಬಿನ ಬಾಗಿಲು ಎತ್ತಿ, ಸರದಿಯ ಪ್ರಕಾರ ಗದ್ದೆಗಳಿಗೆ ನೀರು ಬಿಡುವ ನೌಕರ. ಮೇಲಿನ ಗದ್ದೆಯವರು ಕದ್ದು ಬಾಗಿಲು ಎತ್ತಿದರೆ ಕೆಳಗಿನವರಿಗೆ ನೀರು ಮುಟ್ಟುವುದಿಲ್ಲ. ಆಗ ಎರಡೂ ಕಡೆಯವರ ಬೈಗುಳ ತಿನ್ನುವುದೂ ಸೌಡಿಯ ಕೆಲಸವೇ. ಊರಿನ ದೊಡ್ಡವರೊಬ್ಬರು ಒಮ್ಮೆ ತಮ್ಮ ಗದ್ದೆಗೆ ಮೊದಲು ಬಿಡು ಎಂದು ಹೇಳಿಕಳಿಸಿದಾಗ ಅಜ್ಜ ಅಂದನಂತೆ: “ನೀರು ನಂದಲ್ಲ, ಬಾಗ್ಲು ಅಷ್ಟೇ ನಂದು. ಬಾಗ್ಲು ಕೈಯಾಗೈತೆ ಅಂತ ನೀರಿಗೇ ಯಜಮಾನ ಆಗಾಕೆ ಬರಲ್ಲ.” ಈ ಮಾತನ್ನು ತಮ್ಮ ಕೋಣೆಯಲ್ಲಿ, ಆ ಗಡಿಯಾರದ ಕೆಳಗೆ, ಚೌಕಟ್ಟು ಹಾಕಿಸಿ ತೂಗುಹಾಕಬಹುದು. ಗಡಿಯಾರ ಹೇಗೂ ನಿಂತಿದೆ, ನೋಡಲು ಏನಾದರೂ ಇರಲಿ.

ಅಜ್ಜ ನೌಕರಿಯಲ್ಲಿದ್ದಾಗಲೂ ನಿವೃತ್ತನಾದ ಮೇಲೂ ಅವನ ಸೊಂಟದಲ್ಲಿ ಎಲೆ ಅಡಿಕೆಯ ಸಂಚಿ ಇರುತ್ತಿತ್ತು. ಅಜ್ಜಿಯೇ ಹಳೆಯ ಸೀರೆಯ ಸೆರಗಿನಲ್ಲಿ ಹೊಲಿದುಕೊಟ್ಟ ಮಡಿಕೆಮಡಿಕೆಯ ಸಂಚಿ. ಒಂದು ಮಡಿಕೆಯಲ್ಲಿ ಎಲೆ, ಇನ್ನೊಂದರಲ್ಲಿ ಅಡಿಕೆ ಮತ್ತು ಸುಣ್ಣದ ಡಬ್ಬಿ, ಬೆನ್ನಿನ ಕಡೆಯ ಮಡಿಕೆಯಲ್ಲಿ ಪ್ಲಾಸ್ಟಿಕ್ ಕವರು ಸುತ್ತಿದ ಪಿಂಚಣಿ ಪುಸ್ತಕ. ಪೆಟ್ಟಿಗೆಯಲ್ಲಿಡು ಎಂದರೆ, “ಪೆಟ್ಟಿಗೆ ಮನೆಯಾಗಿರ್ತೈತೆ, ನಾನು ಊರ್ ಮ್ಯಾಲಿರ್ತೀನಿ” ಅನ್ನುತ್ತಿದ್ದ. ವರ್ಷಕ್ಕೊಮ್ಮೆ ತಾನು ಇನ್ನೂ ಬದುಕಿದ್ದೇನೆಂದು ರುಜುವಾತು ಮಾಡಲು ತಮ್ಮ ಕಚೇರಿಗೆ ಬರುತ್ತಿದ್ದನಲ್ಲ, ಆಗಲೂ ಆ ಸಂಚಿಯನ್ನು ಬಿಚ್ಚಿ ಕೌಂಟರಿನವರಿಗೆಲ್ಲ ಅಡಿಕೆ ಹಂಚಿಯೇ ಪುಸ್ತಕ ತೆಗೆಯುತ್ತಿದ್ದುದು. ತಮ್ಮವರು ಅಡಿಕೆ ಅಗಿಯುತ್ತಾ ಅವನು ಬದುಕಿರುವುದನ್ನು ಒಪ್ಪಿಕೊಳ್ಳುತ್ತಿದ್ದರು.

ಕಳೆದ ವರ್ಷ ಅಜ್ಜ ತೀರಿಕೊಂಡ. ನಮ್ಮಲ್ಲಿ ಸುಡುವ ಪದ್ಧತಿ ಇಲ್ಲ, ಕೂರಿಸಿ ಮಣ್ಣು ಮಾಡುತ್ತಾರೆ. ಕೈಯಲ್ಲಿ ಲಿಂಗ, ಮೈಮೇಲೆ ವಿಭೂತಿ, ಸುತ್ತ ಬಿಲ್ವಪತ್ರೆ. ನಮ್ಮ ಓಣಿಯವರಲ್ಲಿ ಇನ್ನೊಂದು ರೂಢಿ ಇದೆ. ಹೋದವರು ಬಿಟ್ಟಿರಲಾರದ ಒಂದು ವಸ್ತುವನ್ನು ಅವರ ಪಕ್ಕದಲ್ಲೇ ಇಡುತ್ತಾರೆ. ಎದುರುಮನೆಯ ಮುದುಕಿಯ ಜೊತೆ ಅವಳ ನಶ್ಯದ ಡಬ್ಬಿ ಹೋಗಿದೆ, ಅವಳ ಮೈದುನನ ಜೊತೆ ಅವನ ಇಸ್ಪೀಟಿನ ಕಟ್ಟು ಹೋಗಿದೆ. ಪೂಜೆ ಮಾಡಿಸುತ್ತಿದ್ದ ಅಯ್ಯನವರು “ಏನಾದ್ರೂ ಇಡಾದಿದ್ರೆ ಇಡ್ರವ್ವಾ” ಎಂದಾಗ ಅಜ್ಜಿ ಸಂಚಿಯನ್ನು ತಂದಳು. ಬಾಡಿದ ಎಲೆ ತೆಗೆದು ಹೊಸ ಎಲೆ ತುಂಬಿದಳು. ಸುಣ್ಣ ಒಣಗಿದೆಯೇನೋ ಎಂದು ಡಬ್ಬಿ ತೆರೆದು ನೋಡಿದಳು. ಬೆನ್ನಿನ ಮಡಿಕೆಯನ್ನು ಮುಟ್ಟಿ ನೋಡುವುದು ಅವಳಿಗೂ ಹೊಳೆಯಲಿಲ್ಲ, ಅಲ್ಲಿ ನಿಂತಿದ್ದ ನಮಗಾರಿಗೂ ಹೊಳೆಯಲಿಲ್ಲ. ಗಂಡನ ಹೆಣದ ಮುಂದೆ ಕೂತ ಹೆಂಗಸು ಮೊದಲು ದಾಖಲೆಗಳನ್ನು ಪರಿಶೀಲಿಸತಕ್ಕದ್ದು ಎಂಬ ಸುತ್ತೋಲೆ ನಮ್ಮೂರಿಗೆ ತಲುಪಿರಲಿಲ್ಲ.

ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೋದ ಮೇಲೆ ನಾನು ಪುಸ್ತಕ ಹುಡುಕಲು ಶುರು ಮಾಡಿದೆ. ಪೆಟ್ಟಿಗೆ ಆಯಿತು, ಗೂಡು ಆಯಿತು, ಅಟ್ಟ ಆಯಿತು. ಒಲೆಯ ಮುಂದೆ ಕೂತಿದ್ದ ಅಜ್ಜಿ ಇದ್ದಕ್ಕಿದ್ದಂತೆ ತಲೆ ಎತ್ತಿ, “ಹುಡುಕಬ್ಯಾಡ ಬಿಡು ಅಂಬಿಕಾ, ಅವ್ರತ್ರನೇ ಐತೆ” ಎಂದಳು. ಆಮೇಲೆ ನಕ್ಕಳು. ಅಜ್ಜ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. “ನನ್ನ ನಂಬ್ಲೇ ಇಲ್ಲ ನೋಡು ಮುದುಕ. ಅಲ್ಲಿಗೂ ತಗಂಡೇ ಹೋಗೈತೆ.”

ನಗು ಮುಗಿದ ಮೇಲೆ ನಾವು ಹೊನ್ನಾಳಿಗೆ ಹೋದೆವು. ಅಲ್ಲಿ ಗುರುಬಸವರಾಜ್ ಮೇಷ್ಟ್ರು ಇದ್ದಾರೆ, ನಿವೃತ್ತ ಶಿಕ್ಷಕರು, ಪಿಂಚಣಿದಾರರ ಸಂಘದ ಕೆಲಸ ನೋಡುವವರು. ಅವರು ಕೂರಿಸಿಕೊಂಡು ಎಲ್ಲವನ್ನೂ ತಿಳಿಸಿಕೊಟ್ಟರು. ನನಗೆ ಅರ್ಥವಾದಷ್ಟನ್ನು ಇಲ್ಲಿ ಬರೆಯುತ್ತೇನೆ. ತಮಗಾಗಿ ಅಲ್ಲ. ತಮಗೆ ಇದೆಲ್ಲ ಗೊತ್ತು, ಗೊತ್ತಿದ್ದೂ ಗೊತ್ತಿಲ್ಲದವರಂತೆ ಕೂರುವುದು ಒಂದು ವಿದ್ಯೆ. ಇದನ್ನು ಓದುವ ಬೇರೆ ಮನೆಗಳ ಮೊಮ್ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ನಿವೃತ್ತ ನೌಕರ ತೀರಿಕೊಂಡರೆ ಅವನ ಪಿಂಚಣಿ ಅಲ್ಲಿಗೆ ನಿಲ್ಲುತ್ತದೆ. ಆದರೆ ಉಳಿದ ಹೆಂಡತಿಗೆ, ಹೋದವಳು ಹೆಂಡತಿಯಾದರೆ ಉಳಿದ ಗಂಡನಿಗೆ, ಕುಟುಂಬ ಪಿಂಚಣಿ ಎಂಬುದು ಶುರುವಾಗಬೇಕು. ಮೊದಲಿನಷ್ಟು ಇರುವುದಿಲ್ಲ, ಕಡಿಮೆಯೇ. ಆದರೂ ಅದು ದಾನವಲ್ಲ, ಯಾವ ಸಾಹೇಬರ ದೊಡ್ಡ ಮನಸ್ಸೂ ಅಲ್ಲ. ಬಿಸಿಲಿನಲ್ಲಿ ನಾಲೆಯ ಮೇಲೆ ನಡೆದವನ ದುಡಿಮೆಯಲ್ಲಿ, ಅವನಿಗೆ ಬುತ್ತಿ ಕಟ್ಟಿ ಕಳಿಸಿದವಳ ಪಾಲು. ನಿವೃತ್ತಿಯ ಹೊತ್ತಿಗೇ ಪಿಂಚಣಿಯ ಆದೇಶದಲ್ಲಿ ಹೆಂಡತಿಯ ಹೆಸರು ಬರೆದಿರುತ್ತಾರೆ, ಇಬ್ಬರನ್ನೂ ಕೂರಿಸಿ ತೆಗೆಸಿದ ಜೋಡಿ ಫೋಟೊ ಅಂಟಿಸಿರುತ್ತಾರೆ. ಮುಂದೆ ಒಂದು ದಿನ ಇವರಲ್ಲಿ ಒಬ್ಬರು ಮಾತ್ರ ಬರುತ್ತಾರೆಂದು ಸರ್ಕಾರಕ್ಕೆ ಆಗಲೇ ಗೊತ್ತಿರುತ್ತದೆ. ಹಾಗೆ ಬಂದವರು ಮರಣ ಪ್ರಮಾಣಪತ್ರ, ಗುರುತಿನ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕು ಇಟ್ಟು ಅರ್ಜಿ ಕೊಡಬೇಕು.

“ಪುಸ್ತಕ ಇಲ್ಲವಲ್ಲ ಸಾರ್” ಎಂದೆ ನಾನು, ಮೇಷ್ಟ್ರಿಗಷ್ಟೇ ಕೇಳುವಂತೆ.

“ಅದು ಎಲ್ಡು ಇರ್ತಾವೆ ಕಣವ್ವ. ಒಂದು ನಿಮ್ಮತ್ರ, ಒಂದು ದುಡ್ಡು ಕೊಡೋರತ್ರ. ನಿಮ್ದು ಹೋದ್ರೆ ಅವ್ರದು ಇರ್ತೈತಲ್ಲ. ಇಲ್ದಿದ್ರೆ ಎಲ್ಡು ಯಾಕೆ ಮಾಡ್ತಾರೆ, ಆಟ ಆಡಾಕಾ?” ಎಂದರು ಅವರು.

ಅವರು ಒಳ್ಳೆಯವರು. ತಮ್ಮ ಕಚೇರಿಯ ಬಗ್ಗೆ ಅವರಿಗೆ ಇನ್ನೂ ಗೌರವ ಉಳಿದಿದೆ.

ಆ ಮಾತಿನ ಮೇಲೆ ನಾವು ತಮ್ಮ ಕಚೇರಿಗೆ ಬಂದೆವು. ಕೌಂಟರಿನಲ್ಲಿದ್ದ ಗುಮಾಸ್ತರು ಅರ್ಜಿ ತಿರುವಿ ಹಾಕಿ, “ಪುಸ್ತಕ ಎಲ್ಲೈತಮ್ಮ?” ಎಂದು ಕೇಳಿದರು.

“ಅವ್ರ ಜೊತೆಗೆ ಹೋಗೈತ್ರಿ.”

“ಯಾರ ಜೊತೆಗೆ?”

“ನಮ್ಮನೆಯವ್ರ ಜೊತೆಗೆ.”

“ಅವ್ರು ತೀರ್ಕಂಡಾರೆ ಅಂತ ಬರ್ದೀರಿ.”

“ಹೌದ್ರಿ. ಅಲ್ಲಿಗೇ ಹೋಗೈತೆ.”

ಅಕ್ಕಪಕ್ಕದ ಮೇಜಿನವರು ನಕ್ಕರು. ನಗುವ ಮಾತೇ, ನಾವೂ ಮನೆಯಲ್ಲಿ ನಕ್ಕಿದ್ದೆವು. ಆದರೆ ಸತ್ತವನನ್ನು ಬಲ್ಲವರು ನಗುವುದು ಬೇರೆ, ಅವನ ಅಡಿಕೆ ತಿಂದು ಮರೆತವರು ನಗುವುದು ಬೇರೆ. ಗುಮಾಸ್ತರು ಎದ್ದುಹೋಗಿ ಬೀರುವಿನಿಂದ ಒಂದು ಕಡತ ತಂದರು. ಧೂಳು ಕೊಡವಿ ಬಿಚ್ಚಿದರು. ಅದರಲ್ಲಿ ಇದ್ದದ್ದು ತಮ್ಮ ಪಾಲಿನ ಪ್ರತಿ, ಎರಡರಲ್ಲಿ ಇನ್ನೊಂದು. ಅಜ್ಜನ ಹೆಸರು, ಅಜ್ಜಿಯ ಹೆಸರು, ಜೋಡಿ ಫೋಟೊ. ಅವರು ಫೋಟೊ ನೋಡಿದರು, ಅಜ್ಜಿಯನ್ನು ನೋಡಿದರು.

“ಸಿದ್ದಲಿಂಗಮ್ಮ ಅಂದ್ರೆ ನೀವೇನಮ್ಮ? ಇದು ನಿಮ್ದೇ ಫೋಟೊನಾ?”

“ನಂದೇರಿ. ಪಕ್ಕದಾಗೆ ಅವ್ರು. ಸ್ಟುಡಿಯೋದಾಗೆ ತಲೆ ನೆಟ್ಟಗೆ ಇಟ್ಕಳ್ರಿ ಅಂದ್ರೆ ಫೋಟೊ ತೆಗೆಯಾನಿಗೇ ಎಲೆ ಕೊಡಾಕೆ ಹೋಗಿದ್ರು. ಅದ್ಕೇ ಹಂಗೆ ವಾರೆಯಾಗಿ ಬಂದೈತೆ.”

ಗಂಡ ಹೆಂಡತಿ ಒಟ್ಟಿಗೆ ಕೂತು ತೆಗೆಸಿದ್ದು ಅದೊಂದೇ ಫೋಟೊ. ಅದರ ಒಂದು ಪ್ರತಿ ಗುಂಡಿಯಲ್ಲಿದೆ, ಇನ್ನೊಂದು ತಮ್ಮ ಬೀರುವಿನಲ್ಲಿದೆ. ಮನೆಯಲ್ಲಿ ಇಲ್ಲ. ಅಜ್ಜಿ ಕಿಟಕಿಯೊಳಗೆ ಕೈ ಚಾಚಿ, “ಒಂಚೂರು ಕೊಡ್ರಿ, ನೋಡ್ತೀನಿ” ಎಂದಳು.

“ಆಫೀಸ್ ಕಾಪಿ ಅದು, ಮುಟ್ಟಂಗಿಲ್ಲ” ಎಂದು ಗುಮಾಸ್ತರು ಕಡತ ಮುಚ್ಚಿದರು. ಮುಚ್ಚಿ, ಅದರ ಮೇಲೆ ಮೊಣಕೈ ಊರಿ, “ನಿಮ್ಮ ಪುಸ್ತಕ ಇಲ್ದಂಗೆ ಏನೂ ಮಾಡಾಕೆ ಬರಲ್ಲಮ್ಮ” ಎಂದರು.

ಮಾನ್ಯರೇ, ಈ ನೋಟವನ್ನು ತಾವು ಒಮ್ಮೆ ಕಣ್ಣಮುಂದೆ ತಂದುಕೊಳ್ಳಬೇಕು. ಈ ಹೆಂಗಸು ಯಾರೆಂದು ಹೇಳುವ ಪುಸ್ತಕ ತಮ್ಮವರ ಮೊಣಕೈ ಕೆಳಗೆ ಇದೆ. ಅದನ್ನು ನೋಡಿಯೇ ಇವಳು ಅವಳೇ ಎಂದು ಖಾತ್ರಿ ಮಾಡಿಕೊಂಡಿದ್ದಾರೆ. ಖಾತ್ರಿಯಾದ ಮೇಲೆ, ಇವಳು ಅವಳೇ ಎಂದು ಖಾತ್ರಿ ಮಾಡಲು ಇನ್ನೊಂದು ಪುಸ್ತಕ ಕೇಳುತ್ತಿದ್ದಾರೆ. ನಮ್ಮ ಕಡೆ ದನ ಕಾಯುವವರೂ ಎಮ್ಮೆ ಕಟ್ಟಿದ ಹಗ್ಗ ಕೈಯಲ್ಲಿರುವಾಗ ಎಮ್ಮೆ ಹುಡುಕಲು ಹೋಗುವುದಿಲ್ಲ.

ಅಷ್ಟರಲ್ಲಿ ಗುಮಾಸ್ತರಿಗೆ ಇನ್ನೊಂದು ಕಾಗದ ನೆನಪಾಯಿತು. ಮರುಮದುವೆಯಾಗಿಲ್ಲ ಎಂದು ಅಜ್ಜಿ ಬರೆದುಕೊಡಬೇಕಂತೆ. ಅದು ನಿಯಮವಿರಬಹುದು, ನಾನು ಬೇಡ ಎನ್ನುವುದಿಲ್ಲ. ಅಜ್ಜಿಯೂ ಬೇಡ ಎನ್ನಲಿಲ್ಲ. “ಈಗ್ಲೇ ಬರೀಬೇಕೇನ್ರಿ, ಇಲ್ಲಾ ಒಂದೆಲ್ಡು ದಿನ ನೋಡಿ ಬರೀಲಾ?” ಎಂದು ಕೇಳಿದಳು. “ಯಾರಾದ್ರೂ ನನ್ನ ಕೇಳ್ಕಂಡು ಬಂದ್ರೆ ಮೊದ್ಲು ನಿಮ್ಮತ್ರನೇ ಕಳಿಸ್ತೀನಿ. ಅವ್ನ ಕಾಗ್ದ ಪತ್ರ ಎಲ್ಲಾ ಸರಿ ಐತಾ ನೋಡಿ ಹೇಳ್ರಿ.” ಈ ಸಲ ಯಾರೂ ನಗಲಿಲ್ಲ. ಹೆಬ್ಬೆಟ್ಟಿಗೆ ಮಸಿ ಹಚ್ಚಿದರು.

ಕಳೆದುಹೋಗಿದೆ ಎಂದು ಪೊಲೀಸು ಠಾಣೆಯಲ್ಲಿ ಬರೆಸಿಕೊಂಡು ಬಂದರೆ ನಕಲು ಪುಸ್ತಕ ಮಾಡಿಕೊಡಬಹುದು ಎಂದು ಗುಮಾಸ್ತರು ಹೇಳಿದರು. ಠಾಣೆಗೆ ಹೋದೆವು. ದೂರು ಬರೆದುಕೊಳ್ಳುವವರು ಅಜ್ಜಿಗೆ ಬೆಂಚು ತೋರಿಸಿ, ನೀರು ಕೊಟ್ಟು, ಎಲ್ಲಿ ಕಳೆದುಕೊಂಡಿರಿ ಎಂದು ಕೇಳಿದರು.

“ಕಳ್ದಿಲ್ಲಪ್ಪ. ಗುಂಡ್ಯಾಗೈತೆ. ನಾನೇ ಇಟ್ಟಿದ್ದು.”

ಅವರು ಪೆನ್ನು ಕೆಳಗಿಟ್ಟರು. “ಅಜ್ಜೀ, ಎಲ್ಲೈತೆ ಅಂತ ನೀವೇ ಹೇಳ್ತೀರಿ. ಕಳ್ದೈತೆ ಅಂತ ನಾ ಹೆಂಗೆ ಬರ್ಕಳ್ಳಲಿ?”

ಹೊರಗೆ ಜೆರಾಕ್ಸ್ ಅಂಗಡಿಯ ರೇವಣ್ಣನಿಗೆ ಸುದ್ದಿ ಆಗಲೇ ಮುಟ್ಟಿತ್ತು. ಕಚೇರಿಗಳ ಸುತ್ತ ಇಂಥ ಅಂಗಡಿಗಳು ಇರುತ್ತವೆ, ತಾವೂ ಬಲ್ಲಿರಿ. ಒಳಗೆ ಆಗದ್ದು ಅಲ್ಲಿ ಆಗುತ್ತದೆ. “ಬಸ್ಸಿನಾಗೆ ಬಿದ್ದೋತು ಅನ್ರಿ ಅಜ್ಜಿ. ಸವಳಂಗದ ಬಸ್ಸು ಅನ್ರಿ, ಅದ್ರಾಗೆ ಎಲ್ರದ್ದೂ ಬೀಳ್ತಾವೆ. ನಾನೇ ಬರ್ದುಕೊಡ್ತೀನಿ, ನೀವು ಸುಮ್ಕೆ ಹೆಬ್ಬೆಟ್ಟು ಒತ್ರಿ.”

“ಬಸ್ಸಿನವ್ರ ಮ್ಯಾಲೆ ಯಾಕಪ್ಪ ಹಾಕಲಿ, ಅವ್ರೇನು ಮಾಡ್ಯಾರೆ?”

“ಯಾರ್ ಮ್ಯಾಲೂ ಅಲ್ಲ ಅಜ್ಜಿ, ಮಾತಿಗೆ.”

“ಮಾತಿಗೂ ಬ್ಯಾಡ. ಕಳ್ಕಂಡಿದ್ದು ಅವ್ರನ್ನ. ಪುಸ್ತಕ ಎಲ್ಲೈತೆ ಅಂತ ನಂಗೆ ಗೊತ್ತೈತೆ. ಗೊತ್ತಿದ್ದೂ ಕಳ್ದೈತೆ ಅಂದ್ರೆ, ಅವ್ರನ್ನ ಎಲ್ಲಿ ಇಟ್ಟೆ ಅನ್ನಾದ್ನೇ ಮರ್ತಂಗೆ ಆತು.”

ರೇವಣ್ಣ ನನ್ನ ಮುಖ ನೋಡಿದ. ನಿಮ್ಮಜ್ಜಿಗೆ ಸ್ವಲ್ಪ ಹೇಳು ಎಂಬಂತೆ. ನಾನು ಹೇಳಲಿಲ್ಲ. ಹೇಳಿದ್ದರೆ ಈ ಕಾಗದ ಬರೆಯುವ ಕಷ್ಟವೇ ಇರುತ್ತಿರಲಿಲ್ಲ, ತಮಗೆ ಓದುವ ಕಷ್ಟವೂ.

ಮತ್ತೆ ಕೌಂಟರಿಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ಆಗ ಅಜ್ಜಿಯ ಅರ್ಜಿಯ ಮೇಲೆ ತಮ್ಮವರು ಹೀಗೆ ಬರೆದರು: “ಮೂಲ ಪ್ರತಿಯು ಇರುವ ಸ್ಥಳವು ಅರ್ಜಿದಾರರಿಗೆ ತಿಳಿದಿರುವುದರಿಂದ, ಕಳೆದುಹೋಗಿದೆ ಎಂದು ಪರಿಗಣಿಸಲು ಅವಕಾಶವಿರುವುದಿಲ್ಲ.” ಎಂಥ ವಾಕ್ಯ. ನಾನು ಏಳನೇ ತರಗತಿಯವರೆಗೆ ಓದಿದ ಯಾವ ಪಾಠದಲ್ಲೂ ಇಷ್ಟು ಅಚ್ಚುಕಟ್ಟಾದ ವಾಕ್ಯ ನೋಡಿರಲಿಲ್ಲ.

ಈ ವಾಕ್ಯದ ಬಗ್ಗೆ ನಾನು ಹೊಲಿಗೆಗೆ ಕೂತಾಗಲೆಲ್ಲ ತುಂಬ ಯೋಚಿಸಿದ್ದೇನೆ. ತಮ್ಮ ನಮೂನೆಯಲ್ಲಿ ಪುಸ್ತಕ ಕಳೆಯಬಹುದು, ಹರಿಯಬಹುದು, ಸುಟ್ಟುಹೋಗಬಹುದು. ಈ ಮೂರಕ್ಕೂ ಜಾಗವಿದೆ. ನಾವು ಸುಡುವ ಜನವಾಗಿದ್ದರೆ ಸಂಚಿಯೂ ಪುಸ್ತಕವೂ ಅಜ್ಜನ ಜೊತೆ ಬೂದಿಯಾಗುತ್ತಿದ್ದವು, ಆ ಬೂದಿಯನ್ನು ತೋರಿಸಿ ಅಜ್ಜಿ ಪಿಂಚಣಿ ಪಡೆಯುತ್ತಿದ್ದಳು. ಹೂಳುವ ಜನವಾದ್ದರಿಂದ ಸಿಕ್ಕಿಬಿದ್ದಳು. ಇಲಿ ತಿಂದಿದ್ದರೆ ಇಲಿಯ ಪುಣ್ಯ ಎನ್ನಬಹುದಿತ್ತು. ಸುಳ್ಳು ಹೇಳಿದ್ದರೆ ತಾವೇ ಸಹಿ ಹಾಕಿ ಕೊಡುತ್ತಿದ್ದಿರಿ. ಸವಳಂಗದ ಬಸ್ಸಿನಲ್ಲಿ ಬಿದ್ದ ಪುಸ್ತಕಕ್ಕೆ ತಮ್ಮಲ್ಲಿ ಮರ್ಯಾದೆ ಇದೆ, ಗಂಡನ ಪಕ್ಕದಲ್ಲಿಟ್ಟ ಪುಸ್ತಕಕ್ಕೆ ಇಲ್ಲ. ನಿಜ ಹೇಳಿದ ಒಂದೇ ತಪ್ಪಿಗೆ ಒಬ್ಬ ಮುದುಕಿಯನ್ನು ಇಷ್ಟು ಅಲೆಸುವ ಕಚೇರಿಗೆ ಬೇಕಾಗಿರುವುದು ದಾಖಲೆಯೇ, ಅಥವಾ ಒಳ್ಳೆಯ ಕಟ್ಟುಕಥೆಯೇ? ಕಥೆಯೇ ಬೇಕಿದ್ದರೆ ನನಗೆ ಹೇಳಿ, ನಾನು ಬರೆಯಬಲ್ಲೆ. ಆದರೆ ಅದರ ಕೆಳಗೆ ಹೆಬ್ಬೆಟ್ಟು ಒತ್ತಲು ಅಜ್ಜಿ ಬರುವುದಿಲ್ಲ.

ಗುಮಾಸ್ತರಿಗೂ ಮನಸ್ಸಿನಲ್ಲಿ ಏನೋ ಆಗಿರಬೇಕು. “ಹೋಗ್ಲಿ, ವಿಧವಾ ವೇತನಕ್ಕಾದ್ರೂ ಹಾಕ್ರಿ” ಎಂದು ಇನ್ನೊಂದು ಕಚೇರಿಗೆ ದಾರಿ ತೋರಿಸಿದರು. ಅಲ್ಲಿಯವರು ಅಜ್ಜ ಏನಾಗಿದ್ದನೆಂದು ಕೇಳಿದರು. ಸರ್ಕಾರಿ ನೌಕರ ಎಂದ ಕೂಡಲೇ, “ಹಂಗಾದ್ರೆ ನಿಮಗೆ ಇದು ಬರಲ್ಲ ಅಜ್ಜಿ. ನಿಮಗೆ ಕುಟುಂಬ ಪಿಂಚಣಿ ಬರ್ತೈತೆ” ಎಂದರು. ಅವರು ಹೇಳಿದ್ದು ಸರಿ. ಏನೂ ಇಲ್ಲದವರಿಗೆ ಕೊಡುವುದು ಬೇರೆ, ದುಡಿದವನ ಪಾಲು ಬೇರೆ, ಎರಡನ್ನೂ ಕಲಸಬಾರದು. ಆದರೆ ಅಜ್ಜಿಗೆ ಸುಸ್ತಾಗಿತ್ತು. “ಬರ್ತೈತೆ ಅಂತ ನೀವಂತೀರಿ, ಬರಲ್ಲ ಅಂತ ಅವ್ರಂತಾರೆ. ನೀವಿಬ್ರೂ ಒಂದಪ ಕೂತು ಮಾತಾಡ್ಕಳ್ರಿ, ನಾನು ಅಲ್ಲಿಗಂಟ ಚಾ ಕುಡ್ಕಂಡು ಬರ್ತೀನಿ” ಎಂದಳು. ಕುಡಿದು ಬಂದಳು. ಯಾರೂ ಮಾತಾಡಿಕೊಂಡಿರಲಿಲ್ಲ.

ಕೊನೆಗೆ ತಮ್ಮ ಕೋಣೆ. ಇಲ್ಲಿ ನಡೆದದ್ದು ತಮಗೆ ಗೊತ್ತೇ ಇದೆ, ಅಥವಾ ಫೋನಿನಲ್ಲಿ ಇದ್ದುದರಿಂದ ಗೊತ್ತಿಲ್ಲದೆಯೂ ಇರಬಹುದು. ಅಜ್ಜಿ ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಅಜ್ಜನ ಸಂಚಿ, ಎಲೆ, ಸುಣ್ಣ, ಅಯ್ಯನವರು. ತಮ್ಮ ಬೀರುವಿನಲ್ಲಿರುವ ಪ್ರತಿಯ ಮಾತನ್ನೂ ಹೇಳಿದಳು. ತಾವು ತಲೆ ಎತ್ತದೆ, ಎಲ್ಲಿದೆ ಅಂತ ಗೊತ್ತಿದೆಯಲ್ಲ, ತೆಗೆಸಿಕೊಂಡು ಬನ್ನಿ ಎಂದಿರಿ. ಬ್ಯಾಂಕಿನ ಲಾಕರಿನಿಂದ ತೆಗೆಸಿಕೊಂಡು ಬನ್ನಿ ಎನ್ನುವ ಧಾಟಿಯಲ್ಲಿ. ತಾವು ಕೆಟ್ಟವರೆಂದು ನಾನು ಹೇಳುವುದಿಲ್ಲ. ಕೆಟ್ಟವರಾಗಲು ಎದುರಿಗಿರುವವರನ್ನು ಒಮ್ಮೆಯಾದರೂ ನೋಡಬೇಕಾಗುತ್ತದೆ.

ಬಸ್ಸಿನಲ್ಲಿ ಮರಳುವಾಗ, ಊರು ಹತ್ತಿರ ಬಂದಂತೆ ಅಜ್ಜಿ, “ತೆಗ್ಸಿಬಿಡಾನ ಅಂಬಿಕಾ” ಎಂದಳು.

ಅದು ಸಿಟ್ಟಿನ ಮಾತು ಎಂದುಕೊಂಡೆ. ಅಲ್ಲ. ಅಜ್ಜಿ ಈಗ ಅಡಿಕೆ ಸುಲಿಯಲು ಹೋಗುತ್ತಿದ್ದಾಳೆ. ಅಜ್ಜ ಇದ್ದಷ್ಟು ದಿನ ಕೂಲಿಗೆ ಹೋದವಳಲ್ಲ. ರೂಢಿಯಿಲ್ಲದ ಕೈ, ಕತ್ತಿಗೆ ಬೆರಳು ಕೊಟ್ಟುಕೊಂಡು ಬರುತ್ತಾಳೆ. ರಕ್ತದೊತ್ತಡದ ಮಾತ್ರೆಯನ್ನು ಮುರಿದು ಅರ್ಧ ನುಂಗಿ, ಉಳಿದರ್ಧವನ್ನು ನಾಳೆಗೆಂದು ಕಾಗದದಲ್ಲಿ ಸುತ್ತಿಡುತ್ತಾಳೆ. ನನ್ನ ರವಿಕೆಯ ದುಡ್ಡು ಕೊಡಲು ಹೋದರೆ, “ನಿನ್ನ ಮದ್ವೆಗೆ ಇಟ್ಕ, ನನ್ನ ಗಂಡ ನಂಗೆ ಅಂತ ಪಿಂಚಣಿ ಬಿಟ್ಟು ಹೋಗ್ಯಾನೆ” ಎನ್ನುತ್ತಾಳೆ. ಅವಳಿಗೆ ಬೇಕಾಗಿರುವುದು ಅನ್ನ ಮಾತ್ರವಲ್ಲ. ಅದು ಗಂಡನ ಅನ್ನವಾಗಿರಬೇಕು. ಅದಕ್ಕಾಗಿ ಸುಳ್ಳು ಹೇಳಲಾರಳು, ಗುಂಡಿ ತೋಡಿಸಬಲ್ಲಳು. ಇಂಥ ಹೆಂಗಸಿನ ಎದುರು ಕೂತು ತಾವು ಫೋನು ನೋಡಿದಿರಿ.

ಹೋದ ವಾರ ಅವಳು ಸಣ್ಣತಿಮ್ಮಪ್ಪನ ಮನೆಗೆ ಹೋದಳು. ನಮ್ಮೂರಿನಲ್ಲಿ ಯಾರು ಹೋದರೂ ಗುಂಡಿ ತೋಡುವವನು ಅವನೇ. ಜೊತೆಗೆ ನಾನಿದ್ದೆ. ಅಜ್ಜಿ ವಿಷಯ ಹೇಳಿದಳು. ಅವನು ಗುದ್ದಲಿಯ ಕಾವು ಸವರಿದ.

“ತೆಗ್ಯಾಕೆ ಬರಲ್ಲ ಅಂತಲ್ಲ ಸಿದ್ದಲಿಂಗಕ್ಕ. ಇಷ್ಟು ವರ್ಷ ಮುಚ್ಚೀನಿ, ಒಂದೂ ತೆಗ್ದಿಲ್ಲ. ತೆಗ್ದ ಗುಂಡಿಗೆ ತಿರುಗಿ ಅದೇ ಮಣ್ಣು ಸಾಲಲ್ಲ ಅಂತಾರೆ.”

“ಸಾಲ್ದಿದ್ರೆ ನಾಲೆ ಮಣ್ಣು ತರಾನ. ಅವ್ರಿಗೆ ಆಗಿಬರ್ತೈತೆ.”

“ಬೆನಕಣ್ಣ ಏನಂದ್ಕಂತಾನೆ ಅಕ್ಕ?”

“ಏನಂದ್ಕಂತಾರೆ? ನಾನು ಹೊಲ್ದ ಸಂಚಿ ಅದು. ಕೇಳಿದ್ರೆ ಕೊಡ್ತಾರೆ.”

ಅವನು ಗುದ್ದಲಿಯನ್ನು ಗೋಡೆಗೆ ಒರಗಿಸಿ ಕೇಳಿದ: “ಸಾಹೇಬ್ರು ಬರ್ದು ಕೊಟ್ಟಾರಾ?”

“ಬಾಯಾಗೆ ಹೇಳ್ಯಾರೆ.”

“ಬಾಯಾಗೆ ಹೇಳಿದ್ದಕ್ಕೆ ನಾ ಗುದ್ಲಿ ಎತ್ತಲ್ಲ. ನಾಳೆ ಊರಾಗೆ ಯಾರಾದ್ರೂ ಕೇಳಿದ್ರೆ ಏನ್ ತೋರಿಸ್ಲಿ? ಕಾಗ್ದ ತರ್ರಿ. ಸೀಲು ಇರ್ಬೇಕು. ಕಾಗ್ದ ತಂದ್ರೆ ಅಮಾಸೆ ಮಾರನೇ ದಿನ ತೆಗ್ದು ಕೊಡ್ತೀನಿ.”

ಅಜ್ಜಿ ಒಪ್ಪಿ ಬಂದಿದ್ದಾಳೆ. ನೋಡಿ ಮಾನ್ಯರೇ, ತಮ್ಮ ಕಚೇರಿಯ ಗಾಳಿ ಎಲ್ಲಿಯವರೆಗೆ ಬೀಸಿದೆ. ಈಗ ನಮ್ಮೂರಿನ ಸ್ಮಶಾನದಲ್ಲೂ ಮೂಲ ಪ್ರತಿ ಕೇಳುತ್ತಾರೆ.

ಆದ್ದರಿಂದ ನನ್ನ ಬೇಡಿಕೆ ದೊಡ್ಡದಲ್ಲ. ತಾವು ಬಾಯಲ್ಲಿ ಹೇಳಿದ್ದನ್ನು ಕಾಗದದ ಮೇಲೆ ಬರೆದುಕೊಡಿ. ಇಂಥ ಸೌಡಿ ಬೆನಕಪ್ಪನ ಗುಂಡಿಯನ್ನು ಅವನ ಹೆಂಡತಿ ಸಿದ್ದಲಿಂಗಮ್ಮ ತೋಡಿಸತಕ್ಕದ್ದು, ಅವನ ಪಕ್ಕದಲ್ಲಿರುವ ಸಂಚಿಯಿಂದ ಪುಸ್ತಕವನ್ನು ತೆಗೆದು ಈ ಕಚೇರಿಗೆ ಹಾಜರುಪಡಿಸತಕ್ಕದ್ದು ಎಂದು ತಮ್ಮ ಆ ಅಚ್ಚುಕಟ್ಟಾದ ಭಾಷೆಯಲ್ಲಿ ಬರೆದು, ಕೆಳಗೆ ತಮ್ಮ ಸಹಿ, ಸಹಿಯ ಪಕ್ಕ ಮೊಹರು. ತಮ್ಮ ಹೆಸರನ್ನು ನಾನು ಇಲ್ಲಿ ಬರೆದಿಲ್ಲ, ಅಲ್ಲಿ ತಾವೇ ಬರೆಯಬೇಕಾಗುತ್ತದೆ. ಹಾಗೆ ಬರೆಯಲು ಕೈ ಬರದಿದ್ದರೆ ಇನ್ನೊಂದು ದಾರಿ ಇದೆ. ಎದ್ದು ಬೀರು ತೆಗೆಯಿರಿ. ತಮ್ಮ ಪ್ರತಿಯನ್ನು ಬಿಚ್ಚಿರಿ. ಅದರಲ್ಲಿ ಅಜ್ಜಿಯ ಹೆಸರಿದೆ, ಮುಖವಿದೆ. ಅದನ್ನೇ ಆಧಾರವಾಗಿಟ್ಟು, ಅಜ್ಜ ಹೋದ ದಿನದಿಂದ ಅವಳಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿ. ಜೊತೆಗೆ ಆ ಜೋಡಿ ಫೋಟೊದ ಒಂದು ಜೆರಾಕ್ಸ್. ರೇವಣ್ಣನ ಅಂಗಡಿ ಎದುರಿಗೇ ಇದೆ, ಅದರ ಕಾಸು ನಾನು ಕೊಡುತ್ತೇನೆ. ಬೀರು ತೆಗೆಯುವುದು ಗುಂಡಿ ತೆಗೆಯುವುದಕ್ಕಿಂತ ಸುಲಭ. ಒಂದು ಬೀಗದ ಕೈ ಸಾಕು, ಗುದ್ದಲಿ ಬೇಡ.

ಎರಡರಲ್ಲಿ ಯಾವುದನ್ನಾದರೂ ಅಮಾವಾಸ್ಯೆಯೊಳಗೆ ಮಾಡಬೇಕು.

ಮೊದಲನೆಯದೇ ಆದರೆ, ಮರುದಿನ ಬೆಳಗ್ಗೆ ತಾವೂ ನಮ್ಮೂರಿಗೆ ಬರಬೇಕು. ಮೂಲ ಪ್ರತಿ ಹೊರಗೆ ಬರುವಾಗ ಅಧಿಕಾರಿಗಳು ಎದುರಿಗಿದ್ದರೆ ಒಳ್ಳೆಯದು, ಮತ್ತೆ ಯಾರೂ ಅನುಮಾನ ಪಡಬಾರದು. ಬಸವಾಪಟ್ಟಣದಲ್ಲಿ ಬಸ್ಸು ಇಳಿದು ಸೌಡಿ ಬೆನಕಪ್ಪ ಎಂದರೆ ಯಾರಾದರೂ ದಾರಿ ತೋರಿಸುತ್ತಾರೆ. ಗುಂಡಿಯ ಅಂಚಿನಲ್ಲಿ ಅಜ್ಜಿ ಸಂಚಿ ಬಿಚ್ಚುತ್ತಾಳೆ. ಬೆನ್ನಿನ ಮಡಿಕೆಯಿಂದ ಪುಸ್ತಕ ತೆಗೆದು ತಮ್ಮ ಕೈಗೆ ಕೊಡುತ್ತಾಳೆ. ಮುಂದಿನ ಮಡಿಕೆಗಳಲ್ಲಿ ಎಲೆ, ಅಡಿಕೆ, ಸುಣ್ಣ ಇವೆ. ಮನೆಗೆ ಬಂದವರಿಗೆ ಅದನ್ನು ಕೊಡದೆ ಅಜ್ಜ ಯಾರನ್ನೂ ಕಳಿಸಿದವನಲ್ಲ. ತಮಗೂ ಕೊಡುತ್ತೇವೆ. ಹಾಕಿಕೊಂಡೇ ಹೋಗಬೇಕು.

ಇಂತಿ,
ತಮ್ಮ ಕೋಣೆಯಲ್ಲಿ ಗೋಡೆಗೆ ಅಂಟಿಕೊಂಡು ನಿಂತು ಏನನ್ನೂ ಹೇಳದೆ ಬಂದವಳು,
ಅಂಬಿಕಾ,
ಸೌಡಿ ಬೆನಕಪ್ಪನ ಮೊಮ್ಮಗಳು, ಏಳನೇ ತರಗತಿ ಪಾಸು